ಡಬ್ಬಿಯಲ್ಲಿ ಕಾಗವಾಡಕ್ಕೆ ಹೋದ ಕುರುಡು ಹಾವು

ಚಿಕ್ಕೋಡಿಯಲ್ಲಿ ಮಧ್ಯಾಹ್ನದ ಬಸ್ಸು ಹತ್ತಿದಾಗ ನನ್ನ ಮಡಿಲಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಹಸಿ ಮಣ್ಣು, ಮಣ್ಣಿನೊಳಗೆ ಒಂದು ಹಾವು ಇತ್ತು. ಗೇಣುದ್ದವೂ ಇಲ್ಲ, ಎರೆಹುಳವೆಂದೇ ತಿಳಿಯಬೇಕು. ಬೆಳಿಗ್ಗೆ ಮಲ್ಲಿಗೆ ಕುಂಡಕ್ಕೆ ನೀರು ಹಾಕಿದಾಗ ಮೇಲೆ ಬಂದಿತ್ತು. "ಕಿವ್ಯಾಗ ಹೊಕ್ಕೊಳ್ಳೂ ಹಾವು ಅದು, ಹೊರಗ ಒಗಿ" ಎಂದರು ಅತ್ತೆ. ಹೊರಗೆಂದರೆ ಸುಡುವ ಕಾಂಕ್ರೀಟ್ ರಸ್ತೆ, ಒಣಗಿ ಸಾಯುತ್ತಿತ್ತು.

ನಮ್ಮ ಜೈನರ ಮನೆಗಳಲ್ಲಿ ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಬಿಡುತ್ತೇವೆ. ಬಂದಲ್ಲಿಗೇ ಕಳಿಸಬೇಕು. ಆ ಕುಂಡವನ್ನು ಎರಡು ವರ್ಷದ ಹಿಂದೆ ಕಾಗವಾಡದ ತಂಗಿ ತನ್ನ ದ್ರಾಕ್ಷಿ ತೋಟದ ಮಣ್ಣು ತುಂಬಿ ಕೊಟ್ಟಿದ್ದಳು. ಅದಕ್ಕೇ ಹೊರಟೆ. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಕಿಟಕಿ ಸೀಟೂ ಸಿಕ್ಕಿತು, ದೇವರು ದೊಡ್ಡವನು.

ಅಂಕಲಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಡಬ್ಬಿ ಬಿಸಿಲಿಗೆ ಕಾದಿತ್ತು. ಮುಚ್ಚಳ ಸರಿಸಿದೆ, ಹಾವು ಅಲುಗಲಿಲ್ಲ. ಸತ್ತಿತೇನೋ ಎಂದು ಮುಟ್ಟಿದರೆ ಸೂಜಿ ತಾಗಿದಂತಾಯಿತು.

"ಕಡದಿಲ್ರೀ ಅಕ್ಕಾರ, ಅದು ಬಾಲ" ಎಂದರು ಪಕ್ಕದ ಸೀಟಿನ ಹಿರಿಯರು. ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರಂತೆ. "ಬಾಲದ ತುದಿಗೆ ಸಣ್ಣ ಮುಳ್ಳ ಇರತೈತಿ. ವಿಷಾ ಇಲ್ಲ. ಇರಿವಿ ತತ್ತಿ ತಿಂದು ಬದುಕತೈತಿ."

"ಕಣ್ಣ ಕಾಣವಲ್ಲವು?"

"ಚರ್ಮದ ಕೆಳಗ ಎರಡ ಕರಿ ಚುಕ್ಕಿ. ಬೆಳಕ ಬಂತು, ಹೋತು, ಅಷ್ಟ ತಿಳಿತೈತಿ. ಇವುಗಳಾಗ ಗಂಡ ಇಲ್ರಿ, ಎಲ್ಲಾ ಹೆಣ್ಣ."

"ಮತ್ತ ಮರಿ ಹೆಂಗ್ರಿ?"

"ತಾನ ಬಸರಾಗಿ ತಾನ ತತ್ತಿ ಇಡತೈತಿ. ಗಂಡನ ಕಾಟಿಲ್ಲ ನೋಡ್ರಿ!"

ಮುಂದಿನ ಸೀಟಿನಾಕೆ ಕಿಸಕ್ಕನೆ ನಕ್ಕಳು. ನಾನೂ ನಕ್ಕು, ಹೊರಟ ಕಾರಣ ಹೇಳಿದೆ. ಕೃಷ್ಣೆಯ ಸೇತುವೆ ಬಂದಾಗ ಮಾಸ್ತರರು ಮೆಲ್ಲಗೆ ಕೇಳಿದರು: "ಎರಡ ವರ್ಷ ಅಂದ್ರ, ಇದು ಹುಟ್ಟಿದ್ದ ನಿಮ್ಮ ಕುಂಡದಾಗ ಇರಬೇಕಲ್ರಿ?"

ಬಂದಲ್ಲಿಗೆ ಕಳಿಸುತ್ತೇನೆಂದು ಹುಟ್ಟಿದಲ್ಲಿಂದ ಕಿತ್ತು ತಂದಿದ್ದೆ.

ತಂಗಿಯ ತೋಟ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮರಳಿ ಒಯ್ಯಲು ಧೈರ್ಯವಾಗಲಿಲ್ಲ. ಆ ಕಾವನ್ನು ಅದು ಇನ್ನೊಮ್ಮೆ ತಾಳುತ್ತಿರಲಿಲ್ಲ. ಬಳ್ಳಿಯ ನೆರಳಲ್ಲಿ, ತೇವದ ಮಣ್ಣಿನ ಮೇಲೆ ಬಿಟ್ಟೆ. ಎರಡೂ ತುದಿ ಒಂದೇ ಥರ. ಯಾವುದು ಮೊದಲು ಒಳಗಿಳಿಯಿತೋ ಗೊತ್ತಾಗಲಿಲ್ಲ. ಸಪ್ಪಳವಿಲ್ಲ, ತೂತೂ ಉಳಿಯಲಿಲ್ಲ.

ಡಬ್ಬಿಯ ಮಣ್ಣು ಕೊಡವುವಾಗ ತಳದಲ್ಲಿ ಅಕ್ಕಿಕಾಳಿನಂಥ ಎರಡು ಬಿಳಿ ತತ್ತಿ ಕಂಡವು. ದಾರಿಯಲ್ಲೇ ಇಟ್ಟಿತ್ತು.

"ಇವು ಯಾವ ಊರಿನವು ಅಕ್ಕಾ?" ಎಂದಳು, ನನ್ನ ಕಥೆಯೆಲ್ಲ ಕೇಳಿ ಜೊತೆಗೆ ಬಂದಿದ್ದ ತಂಗಿ.

ಣಮೋಕಾರ ಮಂತ್ರ ಹೇಳುತ್ತ, ತಾಯಿ ಇಳಿದಿದ್ದ ಜಾಗದಲ್ಲೇ ಅವನ್ನು ಡಬ್ಬಿಯ ಮಣ್ಣಿನ ಸಮೇತ ಹುಗಿದೆ. ಬದುವಿನಿಂದ ತಿರುಗಿ ನೋಡಿದೆ. ಎಲ್ಲಿ ಹುಗಿದೆನೆಂದು ನನಗೇ ತಿಳಿಯಲಿಲ್ಲ.