ಲಿಂಗಪ್ಪ ಕುದುರೆ ಹತ್ತದ ಕಾರಣ

ಲಿಂಗಪ್ಪನಿಗೆ ಕುದುರೆ ಸವಾರಿ ಬರುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಹೊನ್ನಾವರದ ಬಂದರು ರಸ್ತೆಯಲ್ಲಿ ಅವನು ತನ್ನ ಕೆಂದು ಬಣ್ಣದ ಹೆಣ್ಣುಕುದುರೆ ಬಂಗಾರಿಯನ್ನು ಹಿಡಿದುಕೊಂಡು ಹೋಗುವುದನ್ನು ದಿನಾ ನೋಡುತ್ತಿದ್ದೆ. ಅದರ ಬೆನ್ನು ಖಾಲಿ, ಅವನ ಚಪ್ಪಲಿ ಸವೆದದ್ದು. ಕುಮಟೆಯ ಮದುವೆ ಮೆರವಣಿಗೆಗೆ ಹೊರಟರೂ ನಡಿಗೆ. ಮುರ್ಡೇಶ್ವರದ ದಂಡೆಯಲ್ಲಿ ಪ್ರವಾಸಿಗರ ಮಕ್ಕಳನ್ನು ಕೂರಿಸಲು ಹೊರಟರೂ ನಡಿಗೆ.

ಒಂದು ದಿನ ಕನಿಕರ ತಡೆಯಲಾರದೆ ಅವನನ್ನು ನಿಲ್ಲಿಸಿ, ಲಗಾಮು ಹೇಗೆ ಹಿಡಿಯಬೇಕು, ಬೆನ್ನು ಎಷ್ಟು ನೆಟ್ಟಗಿರಬೇಕು ಎಂದು ಹೇಳಿಕೊಟ್ಟೆ. ಶಾಲೆಯ ಪ್ರವಾಸದಲ್ಲಿ ಮಾಥೆರಾನಿಗೆ ಹೋದಾಗ ಒಮ್ಮೆ ಕುದುರೆ ಹತ್ತಿದ ಅನುಭವ ನನಗಿತ್ತು. ಇಳಿಸಲು ಮೂವರು ಬೇಕಾಗಿದ್ದರು ಎಂಬುದನ್ನು ಹೇಳುವ ಅಗತ್ಯ ಕಾಣಲಿಲ್ಲ. ಲಿಂಗಪ್ಪ ಎಲ್ಲ ಕೇಳಿಸಿಕೊಂಡು, "ಆತು ಮಾಸ್ತರ್ರೆ" ಎಂದು ನಡೆದೇ ಹೋದ.

ಮಾರನೆಯ ದಿನ ನಮ್ಮ ಓಣಿಗೆ ಮೀನು ತಂದ ಅವನ ಹೆಂಡತಿ ಗಂಗಿ, ಬುಟ್ಟಿ ಇಳಿಸುವ ಮೊದಲೇ ನಕ್ಕಳು.

"ನಮ್ಮನಿಯವ್ರಿಗೆ ಸವಾರಿ ಕಲ್ಸೂಕೆ ಹೋಗಿದ್ರಂತಲ್ರಾ? ಅವ್ರು ಅಪ್ಪನ ಟಾಂಗಾದಲ್ಲೇ ನಡೂಕೆ ಕಲ್ತವ್ರು!"

ಆಮೇಲೆ ನಗು ನಿಲ್ಲಿಸಿ ಉಳಿದದ್ದನ್ನು ಹೇಳಿದಳು.

ಕೊಂಕಣ ರೈಲು ಓಡತೊಡಗಿದ ಹೊಸತು. ಸ್ಟೇಶನ್ನು ಊರಾಚೆ, ಇನ್ನು ಟಾಂಗಾಕ್ಕೆ ಒಳ್ಳೆಯ ಕಾಲ ಬಂತು ಎಂದುಕೊಂಡ ಲಿಂಗಪ್ಪ, ಬೆಳೆದು ಮುಗಿಯದ ಬಂಗಾರಿಯನ್ನು ತಂದು ಗಾಡಿಗೆ ಹೂಡಿದ. ಮುಂಬಯಿಯಿಂದ ಇಳಿದವರು ಮನೆಯನ್ನೇ ಕಿತ್ತು ತಂದವರಂತೆ ಪೆಟ್ಟಿಗೆ ಹೇರಿದರು. ಎರಡು ಮಳೆಗಾಲದೊಳಗೆ ರಿಕ್ಷಾಗಳು ಬಂದವು, ಟಾಂಗಾ ಕೊಟ್ಟಿಗೆ ಸೇರಿತು. ಬಂಗಾರಿ ಮಾತ್ರ ಗಿಡ್ಡಾಗಿಯೇ ಉಳಿದಳು. ಪ್ರಾಯಕ್ಕೆ ಬಂದರೂ ಬೆದೆಗೆ ಬರಲಿಲ್ಲ. ಎಳೆಯ ಮೈಮೇಲೆ ಭಾರ ಹೇರಿ ತಾನೇ ಅವಳ ಗರ್ಭಕೋಶ ಕೆಡಿಸಿದೆ ಎಂದು ಲಿಂಗಪ್ಪ ತೀರ್ಮಾನಿಸಿದ. ಅಂದಿನಿಂದ ಅವಳ ಬೆನ್ನೇರಿಲ್ಲ. ಮದುಮಗನ ಭಾರ ಹೊಟ್ಟೆಪಾಡಿನದು, ತನ್ನ ಭಾರ ಪಾಪದ್ದು ಎಂಬುದು ಅವನ ಲೆಕ್ಕ.

ಒಂದು ಮರಿ ಆಗಿಬಿಟ್ಟರೆ ಪಾಪ ತೀರಿತು ಎಂದೂ ಅವನಿಗನಿಸಿತ್ತು. ಭಟ್ಕಳದ ವ್ಯಾಪಾರಿಯೊಬ್ಬರಲ್ಲಿ ಗಂಡುಕುದುರೆ ಇತ್ತು. ಪ್ರತಿ ವರ್ಷ ಬಂಗಾರಿಯನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋದ. ಅವಳು ಒದ್ದಳು, ಕಚ್ಚಿದಳು. ಕೊನೆಗೆ ಅಲ್ಲೇ ತೆಂಗಿನಗುಂಡಿ ಬಂದರಿನಲ್ಲಿ ಮೀನು ಹಿಡಿಯುವ ಗೆಳೆಯ ದಾಸನನ್ನು ಕರೆಸಿ ಹಿಂಗಾಲು ಕಟ್ಟಿಸಿದ. ದಾಸನಿಗೆ ಗೊತ್ತಿದ್ದದ್ದು ದೋಣಿ ಬಿಗಿಯುವ ಗಂಟು, ಎಳೆದಷ್ಟೂ ಬಿಗಿಯಾಗುವಂಥದ್ದು. ದೋಣಿಗೆ ನೋವಾಗುವುದಿಲ್ಲ. ಬಂಗಾರಿ ಎಳೆದಳು.

"ಆ ದಿನ ಮನಿಗೆ ಬಂದವ್ರು ಉಣ್ಲಿಲ್ಲ," ಎಂದಳು ಗಂಗಿ. "ಆದ್ರೂ ಮುಂದಿನ ವರ್ಷ ಮತ್ತೆ ಹೋದ್ರು."

ವಿಜ್ಞಾನದ ಮಾಸ್ತರನಾದ ನಾನು ಸುಮ್ಮನಿರುವುದುಂಟೆ? ಊರಿಗೆ ಹೊಸದಾಗಿ ಬಂದಿದ್ದ ಪಶುವೈದ್ಯ ಗುರುದತ್ತರ ಬಳಿಗೆ ಲಿಂಗಪ್ಪನನ್ನೂ ಬಂಗಾರಿಯನ್ನೂ ಎಳೆದೊಯ್ದೆ. ದಿನವಿಡೀ ಎಮ್ಮೆ ನೋಡಿ ಬೇಸತ್ತಿದ್ದ ಅವರಿಗೆ ಕುದುರೆ ಕಂಡು ಹಬ್ಬವಾಯಿತು. ಒಳಗೆ ಕೈಯಾಡಿಸಿ, ಅಂಡಾಶಯ ಅಡಿಕೆಯಷ್ಟೂ ಇಲ್ಲ ಎಂದು ಹುಬ್ಬೇರಿಸಿದರು. ರಕ್ತ ತೆಗೆದು, ಪರಿಚಯದವರ ಮೂಲಕ ಬೆಂಗಳೂರಿನ ಲ್ಯಾಬಿಗೆ ಕಳಿಸಿದರು. ಉತ್ತರ ಬರುವಷ್ಟರಲ್ಲಿ ಒಂದು ಮದುವೆ ಸೀಜನ್ನೇ ಮುಗಿದಿತ್ತು.

"ಕುದುರೆಯ ಜೀವಕೋಶದಲ್ಲಿ ಅರವತ್ತನಾಲ್ಕು ವರ್ಣತಂತುಗಳಿರಬೇಕು, ಇವಳಿಗೆ ಒಂದು ಕಡಿಮೆ," ಎಂದರು ಡಾಕ್ಟರು. "ಹೆಣ್ಣಾಗಿ ಪೂರ್ತಿ ಬೆಳೆಯಲು ಎರಡು ಎಕ್ಸ್ ಬೇಕು. ಇವಳಿಗೆ ಒಂದೇ."

"ಇನ್ನೊಂದು ಎಲ್ಲಿ ಹೋತ್ರಾ? ಗಾಡಿ ಎಳಿವಾಗ..."

"ಗಾಡಿಗೂ ಅದಕ್ಕೂ ಸಂಬಂಧ ಇಲ್ಲ ಮಾರಾಯ! ತಾಯಿ ಹೊಟ್ಟೆಯಲ್ಲಿ ಮೂಡುವಾಗಲೇ ಇರಲಿಲ್ಲ. ಗಿಡ್ಡ ಆದದ್ದೂ ಅದರಿಂದಲೇ. ನೀನು ಹಾಸಿಗೆ ಮೇಲೆ ಮಲಗಿಸಿ ಸಾಕಿದ್ದರೂ ಇವಳು ಮರಿ ಹಾಕುತ್ತಿರಲಿಲ್ಲ."

ವರ್ಣತಂತುಗಳನ್ನು ಖುದ್ದಾಗಿ ನಾನೇ ಎಣಿಸಿದವನಂತೆ ಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟು ಮುಗುಳ್ನಕ್ಕೆ. ಅವನು ನಗಲಿಲ್ಲ.

"ಅಂದ್ರೆ, ಎಷ್ಟು ಸಲ ಗಂಡಿನ ಹತ್ರ ಕರ್ಕಂಡು ಹೋದ್ರೂ?"

"ಆಗುತ್ತಿರಲಿಲ್ಲ. ಬೆದೆಗೇ ಬಾರದವಳು ಒದೆಯದೆ ಇನ್ನೇನು ಮಾಡಿಯಾಳು?"

ಲಿಂಗಪ್ಪ ಬಗ್ಗಿ ಅವಳ ಹಿಂಗಾಲನ್ನು ನೋಡಿದ. ಹಗ್ಗ ಕೊರೆದ ಜಾಗದಲ್ಲಿ ಹೊಸ ಕೂದಲು ಬೆಳ್ಳಗೆ ಹುಟ್ಟಿ ಬಳೆಯಂತೆ ಸುತ್ತಿಕೊಂಡಿತ್ತು. ಅದನ್ನು ಶುಭಲಕ್ಷಣ ಎಂದು ನಾನು ಹಿಂದೊಮ್ಮೆ ಮದುಮಗನೊಬ್ಬನ ಅಪ್ಪನಿಗೆ ವಿವರಿಸಿದ್ದೆ.

"ಅವ್ಳು ಹೇಳಿದ್ದೇ ಖರೆ ಆತು," ಎಂದ ಲಿಂಗಪ್ಪ. "ಒದ್ದು ಕಚ್ಚಿ ಬ್ಯಾಡ ಬ್ಯಾಡ ಅಂದ್ಲು. ನಾ ಕಾಲು ಕಟ್ಟಿಸ್ದೆ."

ಒಂದು ತಪ್ಪಿನಿಂದ ಬಿಡಿಸಲೆಂದು ಕರೆದುಕೊಂಡು ಹೋದವನ ಹೆಗಲಿಗೆ ಇನ್ನೊಂದನ್ನು ಹೊರಿಸಿ ಮನೆಗೆ ಕಳಿಸಿದ್ದೆವು. ಮೊದಲನೆಯದಾದರೂ ಅನುಮಾನದ್ದು, ಇದಕ್ಕೆ ಗುರುತೇ ಇತ್ತು.

ಈಗಲೂ ಅವನು ನಡೆದೇ ಹೋಗುತ್ತಾನೆ. ಅದರ ಜೊತೆಗೆ ಸಂಜೆ ಹೊತ್ತು ಬಂಗಾರಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಆ ಬಿಳಿ ಬಳೆಗೆ ತೆಂಗಿನೆಣ್ಣೆ ತಿಕ್ಕುವ ಕೆಲಸವೂ ಸೇರಿಕೊಂಡಿದೆ. ಅವಳು ಕಿವಿ ಹಿಂದಕ್ಕೆ ಮಾಡುತ್ತಾಳೆ; ಅವನು ಕೈ ತೆಗೆದು, ಕಾದು, ಮತ್ತೆ ಹಚ್ಚುತ್ತಾನೆ. ಕೆಲವೊಮ್ಮೆ ಮರುದಿನ ಕುಂಟುತ್ತಾನೆ.

ಮೊನ್ನೆ ನೋಡಲಾಗದೆ, ಸಮಾಧಾನದ ಮಾತು ಹೇಗೆ ಆಡಬೇಕೆಂದು ಬಲ್ಲವನ ದನಿಯಲ್ಲಿ ಕೇಳಿದೆ:

"ಇಷ್ಟು ವರ್ಷ ಆಯ್ತಲ್ಲ ಲಿಂಗಪ್ಪ, ಬಂಗಾರಿ ನಿನ್ನನ್ನು ಕ್ಷಮಿಸಿರಬಹುದಲ್ವಾ?"

ಅವನು ಎಣ್ಣೆಯ ಬಟ್ಟಲಿನಿಂದ ತಲೆ ಎತ್ತಲೇ ಇಲ್ಲ.

"ಅವ್ಳ ಹಿಂದೆ ಹೋಗಿ ನಿಂತ್ಕಣಿ ಮಾಸ್ತರ್ರೆ, ಗೊತ್ತಾಗ್ತದೆ."