ಚಿಕ್ಕಪ್ಪನ ಸೆಟ್ಟಿನಲ್ಲಿ ಹಾರ್ಮೋನಿಯಂ

ನಮ್ಮ ಚಿಕ್ಕಪ್ಪನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೆ ಚಿಂತಾಮಣಿಯಲ್ಲಿ ಯಾರ ಮನೆಯಲ್ಲೂ ಇಲ್ಲದಂಥ ಸ್ಟೀರಿಯೋ ಸೆಟ್ಟು ಅವನ ಮನೆಯಲ್ಲಿತ್ತು. ಟೊಮೆಟೊ ಮಂಡಿಯ ಯಜಮಾನ. ಸೊಂಟದೆತ್ತರದ ಎರಡು ಸ್ಪೀಕರ್, ನಡುವೆ ಒಬ್ಬರಿಂದ ಎತ್ತಲಾಗದ ಆಂಪ್ಲಿಫೈಯರ್. ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ, ಮನೆಗೆ ಬಂದವರಿಗೆ ಬಟ್ಟೆ ಎತ್ತಿ ತೋರಿಸಿ ಮತ್ತೆ ಮುಚ್ಚುತ್ತಿದ್ದ. ಮುಟ್ಟಿದರೆ ಕೈ ಮುರೀತೀನಿ ಅನ್ನುವುದು ಅವನ ಉಪಚಾರದ ಮಾತು.

ನಮ್ಮಪ್ಪನ ಹತ್ತಿರ ಸೆಟ್ಟಿರಲಿಲ್ಲ, ಹಾಡಿತ್ತು. ಹಾಗಂತ ಅವರು ನಂಬಿದ್ದರು, ನಾನೂ ನಂಬಿದ್ದೆ. ಶನಿವಾರ ಸಂಜೆ ನಮ್ಮ ಹಾಲಿನಲ್ಲಿ ಭಜನೆ ಮೇಳ ಸೇರುತ್ತಿತ್ತು. ತತ್ವಪದ, ಕೀರ್ತನೆ, ಅರ್ಧ ಕನ್ನಡ, ಅರ್ಧ ತೆಲುಗು. ಹೆಚ್ಚಿನ ಪದಗಳನ್ನು ಅಪ್ಪನೇ ಮುಂದೆ ಹೇಳುತ್ತಿದ್ದರು, ಉಳಿದವರು ಹಿಂದೆ ಹೇಳುತ್ತಿದ್ದರು. ಮೇಳದಲ್ಲೊಂದು ಕಟ್ಟಳೆಯಿತ್ತು. ಮುಂದಿನವನು ಹೇಗೆ ಹೇಳಿದನೋ ಹಿಂದಿನವರು ಹಾಗೆಯೇ ಹೇಳಬೇಕು. ಅವನು ಎಲ್ಲಿ ಎಳೆದನೋ ಅಲ್ಲೇ ಎಳೆಯಬೇಕು, ಎಲ್ಲಿ ಜಾರಿದನೋ ಅಲ್ಲೇ ಜಾರಬೇಕು. ತಿದ್ದಿ ಹೇಳಿದರೆ ಹಿರಿಯನ ಮುಖಕ್ಕೆ ಉಗಿದಂತೆ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂರುತ್ತಿದ್ದವರು ಅಪ್ಪನ ಹಳೆಯ ಗೆಳೆಯ, ಟೈಲರ್. ನಾನು ಅವರನ್ನು ಮಾಮ ಎನ್ನುತ್ತಿದ್ದೆ.

ಕಂಪ್ಯೂಟರು ನಮ್ಮ ಮನೆಗೆ ಹೊಸದಾಗಿ ಬಂದಿದ್ದ ದಿನಗಳವು. ಆ ವರ್ಷ ಒಂದು ಹುಣ್ಣಿಮೆಗೆ, ತತ್ವಪದಗಳ ತವರಾದ ಕೈವಾರದ ಮಠದಲ್ಲಿ ಹಾಡುವ ಸರದಿ ನಮ್ಮ ಮೇಳಕ್ಕೆ ಬಂತು. ಅಲ್ಲಿ ಕೂತು ಮುಂದೆ ಹೇಳಬೇಕೆಂಬುದು ಅಪ್ಪನ ಜೀವಮಾನದ ಆಸೆ. ಯಾವ ಪದ ಹೇಳುವುದೆಂದು ಅಪ್ಪ ಕೇಳಿ ಆರಿಸಲಿ ಅಂತ ನಾನು ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಒಂದು ಶನಿವಾರದ ಭಜನೆ ಪೂರ್ತಿ ರೆಕಾರ್ಡ್ ಮಾಡಿದೆ. ಮೊದಲು ಅಪ್ಪನ ಪದ ಹಾಕಿದೆ. ಪುಟಾಣಿ ಸ್ಪೀಕರಿನಲ್ಲಿ ಸೊಳ್ಳೆ ಹಾಡಿದಂತೆ ಬಂತು. ಅಪ್ಪ ಮುಖ ಸಿಂಡರಿಸಿದರು.

"ಹಾರ್ಮೋನಿ ಎಲ್ಲಿ, ಅಮ್ಮ? ಕೇಳಿಸ್ತಾನೇ ಇಲ್ಲ. ಈ ಡಬ್ಬಕ್ಕೆ ಶಕ್ತಿ ಸಾಲ್ದು. ನಿಮ್ಮ ಚಿಕ್ಕಪ್ಪನ ಸೆಟ್ಟಿಗೆ ಸೇರ್ಸೋಕಾಗಲ್ವಾ?"

ಆಗುತ್ತಿತ್ತು. ಬಸ್‌ಸ್ಟಾಂಡ್ ಹತ್ತಿರದ ಅಂಗಡಿಯಲ್ಲಿ ವೈರು ಸಿಕ್ಕಿತು. ಕಂಪ್ಯೂಟರಿನ ಕಡೆಗೆ ಒಂದೇ ಪಿನ್ನು, ಸೆಟ್ಟಿನ ಕಡೆಗೆ ಕೆಂಪು, ಬಿಳಿ ಎರಡು. ಭಾನುವಾರ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿಕ್ಕಪ್ಪನ ಮನೆಗೆ ಹೋದೆ. ಅಪ್ಪ ಮೇಳದವರನ್ನೆಲ್ಲ ಕರೆದಿದ್ದರು. ಮಾಮ ಹೊಲಿಗೆ ಕೆಲಸ ಇದೆ, ಬರಲ್ಲ ಅಂದಿದ್ದರಂತೆ. ಅಪ್ಪ ಬಿಡದೆ ಕೈಹಿಡಿದು ಕರೆತಂದಿದ್ದರು.

ಚಿಕ್ಕಪ್ಪ ನನ್ನ ಕೈಯಿಂದ ವೈರು ಕಿತ್ತುಕೊಂಡ. "ಹೆಂಗಸರು ಮುಟ್ಟೋ ಸಾಮಾನಲ್ಲ ಇದು" ಎಂದು ಎರಡೂ ಪಿನ್ನನ್ನು ಸೆಟ್ಟಿನ ಹಿಂದಿನ ಯಾವುದೋ ತೂತುಗಳಿಗೆ ತುರುಕಿದ. ಅವು ಹಳೇ ಕಾಲದ ಗ್ರಾಮಫೋನು ಪ್ಲೇಟುಗಳಿಗೆ ಇರುವ ತೂತುಗಳು. ಸ್ಪೀಕರು ತಗಡು ಹರಿದಂತೆ ಅರಚಿತು.

"ನಿಮ್ಮಪ್ಪನ ಗಂಟಲೇ ಹಂಗೆ. ಸೆಟ್ಟೇನ್ ಮಾಡುತ್ತೆ ಪಾಪ" ಎಂದು ನಕ್ಕ.

ನಾನು ಪಿನ್ನು ಕಿತ್ತು ಸರಿಯಾದ ತೂತುಗಳಿಗೆ ಹಾಕಿದೆ. ಆಮೇಲೆ ಗುಂಯ್ ಅನ್ನುವ ಸದ್ದು. ಕಂಪ್ಯೂಟರನ್ನೂ ಸೆಟ್ಟನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿದ ಮೇಲೆ ಅದೂ ನಿಂತಿತು.

ಅಪ್ಪನ ದನಿ ಕೋಣೆ ತುಂಬ ಎದ್ದು ನಿಂತಿತು. ತಾಳದ ಅಂಚು ಅಂಚಿಗೆ ಸವರಿದ್ದು, ಢೋಲಕ್ಕಿನವನ ಉಂಗುರ ಮರಕ್ಕೆ ತಾಗಿದ್ದು, ಅಮ್ಮ ಒಳಗೆ ಒಗ್ಗರಣೆ ಹಾಕಿದ್ದು, ರಸ್ತೆಯಲ್ಲಿ ಬಸ್ಸು ಹಾರ್ನು ಹೊಡೆದದ್ದು, ಎಲ್ಲ ಇತ್ತು. ಹಾರ್ಮೋನಿಯಂ ಇರಲಿಲ್ಲ.

"ಸ್ವಲ್ಪ ಜಾಸ್ತಿ ಮಾಡಪ್ಪ" ಎಂದರು ಅಪ್ಪ.

ಚಿಕ್ಕಪ್ಪ ಇದ್ದಬದ್ದ ಗುಬುಟುಗಳನ್ನೆಲ್ಲ ತಿರುಗಿಸಿದ. ಏನೂ ಬರಲಿಲ್ಲ. ಮುಂದಿನ ಪದ ಹಾಕು ಎಂದು ನನಗೆ ಹೇಳಿದ. ಅದನ್ನು ಮುಂದೆ ಹೇಳಿದ್ದವರು ಪೋಸ್ಟಾಫೀಸಿನ ಗುಮಾಸ್ತರು. ಹಾರ್ಮೋನಿಯಂ ಎದೆ ತುಂಬ ಮೊಳಗಿತು. ಚಿಕ್ಕಪ್ಪನಿಗೆ ರುಚಿ ಹತ್ತಿತು. ಮೌಸನ್ನು ತಾನೇ ಹಿಡಿದು ಮತ್ತೆ ಅಪ್ಪನ ಪದ ಹಾಕಿದ, ಮತ್ತೆ ಗುಮಾಸ್ತರದ್ದು, ಮತ್ತೆ ಅಪ್ಪನದ್ದು.

"ಅವರದ್ದಕ್ಕೆ ಐತೆ, ನಮ್ಮಣ್ಣಂದಕ್ಕಿಲ್ಲ. ಏಮಯ್ಯಾ ಟೈಲರು, ಏನಿದು ಕತೆ?"

ಮೇಳದವರೆಲ್ಲ ನೆಲ ನೋಡುತ್ತಿದ್ದರು. ಅವರಿಗೆಲ್ಲ ಗೊತ್ತಿತ್ತೆಂದು ಆಗ ನನಗೆ ಗೊತ್ತಾಯಿತು.

ಮಾಮ ಅಪ್ಪನ ಕಡೆ ತಿರುಗಿದರು. "ಅಣ್ಣ, ನೀನು ಶ್ರುತಿಗೆ ನಿಲ್ಲಲ್ಲ. ಹಾರ್ಮೋನಿ ನುಡಿಸಿದ್ರೆ ಅದರ ದಾರಿ ಬೇರೆ, ನಿನ್ನ ದಾರಿ ಬೇರೆ ಅಂತ ಎಲ್ರಿಗೂ ಗೊತ್ತಾಗುತ್ತೆ. ಅದಕ್ಕೇ ನಿನ್ನ ಪದಕ್ಕೆ ನಾನು ತಿದಿ ಒತ್ತಲ್ಲ. ಗಾಳಿ ಇಲ್ದೆ ಬೆರಳು ಮಾತ್ರ ಆಡಿಸ್ತೀನಿ. ತಾಳ, ಢೋಲಕ್ಕಿನ ಗದ್ದಲದಲ್ಲಿ ನಿನಗೆ ಗೊತ್ತಾಗ್ತಿರ್ಲಿಲ್ಲ."

"ಯಾವಾಗಿಂದ?"

"ನಿನ್ನ ಮಗಳು ಇಸ್ಕೂಲಿಗೆ ಸೇರಿದಾಗಿಂದ."

ಅಷ್ಟು ಹೊತ್ತಿಗೆ ನಾನೇ ಇಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಹಾರ್ಮೋನಿಯಂ ಮೈಕಿಗೆ ಸಿಕ್ಕಿಲ್ಲ ಅಂದಿದ್ದರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು? ಅಷ್ಟು ವರ್ಷ ಮುಚ್ಚಿಟ್ಟವನಿಗೆ ಬಾಯಿ ಬಿಡಲು ಚಿಕ್ಕಪ್ಪನ ಮನೆಯೇ ಬೇಕಿತ್ತೇ? ಚಿಕ್ಕಪ್ಪನಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಪ್ಪ ಒಂದು ಲೋಟ ನೀರು ತರಿಸಿ ಕುಡಿದರು.

"ಕೈವಾರದಲ್ಲಿ ಇದೇ ಪದ ಹೇಳ್ತೀನಿ. ಅವತ್ತು ನೀನು ತಿದಿ ಒತ್ತಬೇಕು" ಎಂದರು ಮಾಮನಿಗೆ.

"ಬೇಡ ಅಣ್ಣ. ಮರ್ಯಾದೆ ಹೋಗುತ್ತೆ."

"ಒತ್ತಬೇಕು."

ಹುಣ್ಣಿಮೆಯ ದಿನ ಕೈವಾರದಲ್ಲಿ ಜನವೋ ಜನ. ಅಪ್ಪ ಮೈಕಿನ ಮುಂದೆ ಕೂತು ಮೊದಲ ಸಾಲು ಎತ್ತಿದರು. ಮಾಮ ತಿದಿ ಒತ್ತಿದರು. ಹಾರ್ಮೋನಿಯಂ ಒಂದು ಕಡೆ ಹೋಯಿತು, ಅಪ್ಪ ಒಂದು ಕಡೆ ಹೋದರು. ನಾನು ಸೆರಗಿನ ತುದಿ ಹಿಡಿದುಕೊಂಡು ಕೂತೆ. ಆಗ ಹಿಂದೆ ಹೇಳುವವರು ಶುರುಮಾಡಿದರು. ಕಟ್ಟಳೆ ಕಟ್ಟಳೆಯೇ. ಎಲ್ಲರೂ ಅಪ್ಪ ಜಾರಿದ ಕಡೆಯೇ ಜಾರಿದರು. ಅಷ್ಟು ಗಂಟಲುಗಳೂ ಒಂದಾದವು, ಹಾರ್ಮೋನಿಯಂ ಒಂಟಿಯಾಯಿತು. ಜನ ತಿರುಗಿ ನೋಡಿದ್ದು ಮಾಮನನ್ನು.

"ಆ ಹಾರ್ಮೋನಿಯವನಿಗೆ ನಿಲ್ಸು ಅನ್ರಪ್ಪ. ನುಡಿಸೋಕೇ ಬರಲ್ಲ ಅವನಿಗೆ" ಎಂದು ಹಿಂದಿನಿಂದ ಯಾರೋ ಕೂಗಿದರು.

ಜನ ನಕ್ಕರು. ಮಾಮನ ಎಡಗೈ ತಿದಿಯ ಮೇಲೆ ನಿಂತುಹೋಯಿತು. ಅಪ್ಪ ತಾಳ ನಿಲ್ಲಿಸದೆ ಅವರ ಕಡೆ ಬಾಗಿ ಒಂದೇ ಮಾತು ಹೇಳಿದರು: "ಒತ್ತು." ಮಾಮ ಒತ್ತಿದರು. ಪದ ಮುಗಿಯುವವರೆಗೂ ತಲೆ ತಗ್ಗಿಸಿಕೊಂಡು ಒತ್ತಿದರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಬಹಳ ತಣ್ಣಗಾಯಿತು.

ವಾಪಸು ಬರುವ ಬಸ್ಸಿನಲ್ಲಿ ಮಾಮ ನಮ್ಮ ಹಿಂದಿನ ಸೀಟಿನಲ್ಲಿ ಹಾರ್ಮೋನಿಯಂ ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಆಮೇಲೆ ಅವರು ಯಾವ ಶನಿವಾರವೂ ನಮ್ಮ ಮನೆಗೆ ಬರಲಿಲ್ಲ. ಅಪ್ಪ ನನ್ನ ಪಕ್ಕದಲ್ಲಿ ಕಿಟಕಿಗೆ ಒರಗಿದ್ದರು. ಊರು ಹತ್ತಿರ ಬಂದಾಗ ಹಿಂದಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ನನ್ನನ್ನು ಕೇಳಿದರು.

"ಇವತ್ತು ಹಾರ್ಮೋನಿ ಚೆನ್ನಾಗಿ ಕೇಳಿಸ್ತಲ್ವಾ, ಅಮ್ಮ?"