ಒಣ ನೆಲದಲ್ಲಿ ಬಿದ್ದ ವೀರವ್ವ

ಅಕ್ಕಿಆಲೂರಿನ ವೀರವ್ವ ಬಿದ್ದದ್ದು ಹಾಡಹಗಲು, ಒಣ ನೆಲದ ಮೇಲೆ. ಪಡಸಾಲೆಯಿಂದ ಅಂಗಳಕ್ಕೆ ಇಳಿಯುವಾಗ ಹೆಜ್ಜೆ ತಪ್ಪಿ ಮುಗ್ಗರಿಸಿದಳು. ಮೊಣಕೈ ತರಚಿತ್ತು, ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ.

"ವಯಸ್ಸಾತಲ್ರಿ ಅತ್ತಿ, ಇನ್ನ ಒಬ್ರ ಅಡ್ಡ್ಯಾಡಬ್ಯಾಡ್ರಿ," ಎಂದಳು ಸೊಸೆ ಶೀಲಾ, ಗಾಯಕ್ಕೆ ಅರಿಷಿಣ ಹಚ್ಚುತ್ತ.

"ವಯಸ್ಸು ಹ್ವಾದ ತಿಂಗಳೂ ಇತ್ತಲ್ಲ. ಆವಾಗ ಯಾಕ ಬೀಳ್ಲಿಲ್ಲ?"

ಹರೆಯದಿಂದಲೂ ಕೌದಿ ಹೊಲಿಯುತ್ತ ಬಂದವಳು ವೀರವ್ವ. ಹೊಲಿಗೆ ಬಿಚ್ಚಿದರೆ ದಾರ ಎಲ್ಲಿ ಸಡಿಲಾಯಿತೆಂದು ಹುಡುಕದೆ ಬಿಡುವ ಹೆಂಗಸಲ್ಲ. ಮೆಟ್ಟಿಲ ಕಲ್ಲು ಸವರಿ ನೋಡಿದಳು. ಪಾಚಿಯಿಲ್ಲ, ಎಣ್ಣೆಯಿಲ್ಲ. ಚಪ್ಪಲಿ ತಿರುವಿ ನೋಡಿದಳು, ಅಟ್ಟೆ ಸವೆದಿರಲಿಲ್ಲ.

ಬಳೆ ಮಾರುವ ಹಳೆಯ ಗೆಳತಿ ಗೌಹರ ಬಂದಾಗ ವೀರವ್ವ ಕೇಳಿದಳು: "ಮೊನ್ನೆ ನೀನೂ ಬಿದ್ದೆಂತಲ್ಲ, ಹೆಂಗ?"

"ಯಾರಂದ್ರು? ನಾ ಬಿದ್ದಿಲ್ಲ. ಸುಮ್ನ ಕುಂತಿದ್ನಿ."

"ಬಾಗಲದಾಗ, ಹಾದಿಗಡ್ಡ ಯಾರ ಸುಮ್ನ ಕುಂದರ್ತಾರ?"

ಗೌಹರಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ದನಿ ತಗ್ಗಿಸಿದಳು: "ಬಿದ್ನಿ ಅಂದ್ರ ಮಗ ಸಂತಿಗೆ ಹೋಗಾಕ ಬಿಡೂದಿಲ್ಲ. ಮುಂಜಾನೆ ಹಾಸಿಗಿಂದ ಗಡಬಡಿಸಿ ಎದ್ನಿ, ಕಣ್ಣಿಗೆ ಕತ್ತಲಿ ಬಂತು. ಬಿಪಿ ಗುಳಿಗಿ ಶುರು ಮಾಡಿದಾಗಿಂದ ಹಂಗ ಆಗಾಕತ್ತೈತಿ."

"ನಂದು ಬ್ಯಾರೆ ಐತಿ, ನನಗ ಕತ್ತಲಿ ಬಂದಿಲ್ಲ," ಎನ್ನುತ್ತ ವೀರವ್ವ ಶೀಲಾಳ ಕೈ ಹಿಡಿದು ಮತ್ತೆ ಅದೇ ಮೆಟ್ಟಿಲು ಇಳಿದಳು. ಕಾಲು ತಡವರಿಸಿತು.

ಗೌಹರ ಅವಳ ಮುಖವನ್ನೇ ನೋಡುತ್ತಿದ್ದಳು. "ಆ ಚಸ್ಮಾ ತಗದು ಇಳಿ, ನೋಡೂಣು."

ಕಾಲು ಸರಿಯಾಗಿ ಊರಿತು!

ಸೂಜಿ ಪೋಣಿಸಲೆಂದು ಹೊಸದಾಗಿ ಮಾಡಿಸಿದ ಚಸ್ಮಾ ಅದು. ಮೇಲಿನ ಗಾಜು ದೂರಕ್ಕೆ, ಕೆಳಗಿನದು ಹತ್ತಿರಕ್ಕೆ. ಕಾಲ ಕಡೆ ನೋಡಿದೊಡನೆ ಮೆಟ್ಟಿಲು ಮಸುಕಾಗಿ, ಮೇಲೆದ್ದು ಬಂದಂತೆ ಕಾಣುತ್ತಿತ್ತು.

ಗೆಳತಿಯರಿಬ್ಬರೂ ಬಸ್ಸು ಹತ್ತಿ ಹಾನಗಲ್ಲಿಗೆ ಹೋದರು. ಕಣ್ಣಿನ ಡಾಕ್ಟರು ಎಲ್ಲ ಕೇಳಿ, "ಹೌದ್ರೆವ್ವಾ, ಹಿಂಗ ಭಾಳ ಮಂದಿಗೆ ಆಗ್ತೈತಿ. ಅಡ್ಡ್ಯಾಡಾಕ ಬ್ಯಾರೆ ಚಸ್ಮಾ ಬರದು ಕೊಡ್ತೇನಿ," ಎಂದರು. ಗೌಹರಳ ಗುಳಿಗೆಯನ್ನು ಇನ್ನೊಬ್ಬ ಡಾಕ್ಟರು ಬದಲಿಸಿದರು. ಏಳುವ ಮುಂಚೆ ಮಂಚದ ಅಂಚಿಗೆ ಸ್ವಲ್ಪ ಹೊತ್ತು ಕುಳಿತಿರಲು ಹೇಳಿದರು. ಅಂಜುತ್ತಲೇ ಅವಳು ಮಗನಿಗೆ ಎಲ್ಲ ತಿಳಿಸಿದಳು. ಅವನು ಸಂತೆ ಬಿಡಿಸಲಿಲ್ಲ. ಮಂಚದ ಪಕ್ಕದ ಗೋಡೆಗೆ ಗಟ್ಟಿಯಾದ ಹಿಡಿಕೆ ಕೂರಿಸಿಕೊಟ್ಟ.

ಮುಂದಿನ ಸಂತೆಯಲ್ಲಿ ಗೌಹರಳ ಬಳೆ ಅಂಗಡಿಯ ಪಕ್ಕ ವೀರವ್ವ ಕೌದಿ ಹರವಿಕೊಂಡು ಕುಳಿತಿದ್ದಳು. ಅವಳ ಓಣಿಯ ಹಿರಿಯ ಬಸವಣ್ಣೆಪ್ಪ ಕುಂಟುತ್ತ ಹೋಗುತ್ತಿದ್ದ.

"ಯಣ್ಣಾ, ಎಲ್ಲಿ ಬಿದ್ರಿ?"

"ನಾ ಎಲ್ಲಿ ಬೀಳ್ಲಿ? ಕಾಲು ಉಳುಕೈತಿ, ಅಷ್ಟ."

"ಉಳಕೂ ಮುಂದ ಏನ ಮಾಡಾಕತ್ತಿದ್ರಿ?"

ಬಸವಣ್ಣೆಪ್ಪ ಆಚೀಚೆ ನೋಡಿದ. ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕೌದಿಯ ಅಂಚಿಗೆ ಮೆಲ್ಲಗೆ ಕುಳಿತ.